ಒಗ್ಗರಣೆಗೂ ಉತ್ತರ ಹೇಳಬೇಕಾದ ಕೆಲಸ

ಇಂಗ್ಲೆಂಡಿನ ದಕ್ಷಿಣ ಭಾರತೀಯ ರೆಸ್ಟೋರೆಂಟೊಂದರಲ್ಲಿ ಹೆಡ್ ಶೆಫ್ ಆಗಿದ್ದೇನೆ ಎಂದರೆ, ದಿನವೂ ಏನೇನು ಅಡುಗೆ ಮಾಡುತ್ತೀರಿ ಎಂದು ಊರಿನವರು ಕೇಳುತ್ತಾರೆ. ವಾಸ್ತವದಲ್ಲಿ ಸೌಟು ನನ್ನ ಕೈಯಲ್ಲಿರುವ ಹೊತ್ತು ಕಡಿಮೆ. ದೋಸೆ ಹುಯ್ಯುವವರು ಬೇರೆ, ಸಾಂಬಾರು ನೋಡಿಕೊಳ್ಳುವವರು ಬೇರೆ, ತರಕಾರಿ ಹೆಚ್ಚುವವರು ಬೇರೆ. ಅವರೆಲ್ಲರ ಕೈಯಿಂದ ಹೊರಬರುವ ಪ್ರತಿ ತಟ್ಟೆಗೂ ಉತ್ತರ ಹೇಳಬೇಕಾದವನು ನಾನು. ಆ ಹೊಣೆಯಲ್ಲಿ ರುಚಿಯ ಪಾಲು ಸಣ್ಣದು, ಸುರಕ್ಷತೆಯ ಪಾಲು ದೊಡ್ಡದು.

ಅಲರ್ಜಿ ಉಂಟುಮಾಡುವ 14 ಪದಾರ್ಥಗಳನ್ನು ಇಲ್ಲಿನ ಕಾನೂನು ಹೆಸರಿಸಿದ್ದು, ಹೋಟೆಲಿನ ಯಾವ ತಿನಿಸಿನಲ್ಲಿ ಅವು ಇವೆ ಎಂಬುದನ್ನು ಗ್ರಾಹಕರಿಗೆ ತಿಳಿಸುವುದು 2014ರ ಡಿಸೆಂಬರಿನಿಂದ ಕಡ್ಡಾಯವಾಗಿದೆ. ಹಾಲು, ನೆಲಗಡಲೆ, ಗೋಡಂಬಿ ಆ ಪಟ್ಟಿಯಲ್ಲಿರುವುದು ಯಾರಿಗೂ ಅಚ್ಚರಿಯಲ್ಲ. ಆದರೆ ಸಾಸಿವೆ ಮತ್ತು ಎಳ್ಳು ಕೂಡ ಅಲ್ಲಿವೆ. ಪಲ್ಯ, ಚಟ್ನಿ, ಸಾರು, ಮೊಸರನ್ನ, ಯಾವುದಕ್ಕೆ ನಾವು ಸಾಸಿವೆ ಸಿಡಿಸುವುದಿಲ್ಲ? ಆದ್ದರಿಂದ ನಮ್ಮ ಅಡುಗೆಯ ಒಂದೊಂದು ಒಗ್ಗರಣೆಯೂ ಕಾಗದದ ಮೇಲೆ ದಾಖಲಾಗಬೇಕು. ಇನ್ನೂ ಸೂಕ್ಷ್ಮವಾದದ್ದು ಇಂಗು. ಅಂಗಡಿಯ ಇಂಗಿನ ಪುಡಿಯಲ್ಲಿ ಇಂಗಿಗಿಂತ ಹಿಟ್ಟಿನ ಪ್ರಮಾಣವೇ ಹೆಚ್ಚು. ಅದು ಅನೇಕ ಡಬ್ಬಿಗಳಲ್ಲಿ ಗೋಧಿಹಿಟ್ಟು, ಕೆಲವದರಲ್ಲಿ ಅಕ್ಕಿಹಿಟ್ಟು. ಗೋಧಿಯ ಗ್ಲೂಟನ್ ಒಗ್ಗದ ಗ್ರಾಹಕರು, ಅಕ್ಕಿ ಮತ್ತು ಉದ್ದಿನಬೇಳೆಯದಲ್ಲವೇ ಎಂದು ನಂಬಿ ದೋಸೆ ಕೇಳುತ್ತಾರೆ. ಅದರ ಪಕ್ಕದ ಬಟ್ಟಲಿನ ಸಾಂಬಾರಿನಲ್ಲಿ ಚಿಟಿಕೆ ಇಂಗಿನ ಮೂಲಕ ಗೋಧಿ ಸೇರಿದ್ದರೆ ಅವರಿಗೆ ತಿಳಿಯುವ ದಾರಿಯೇ ಇಲ್ಲ. ಅದನ್ನು ತಿಳಿದಿರಬೇಕಾದವನು ನಾನೇ.

ಇದು ಅತಿಯಾದ ಎಚ್ಚರವೆಂದು ಯಾರಾದರೂ ಭಾವಿಸಿದರೆ ಅವರಿಗೆ ಉತ್ತರ ಯಾರ್ಕ್‌ಷೈರಿನಲ್ಲಿದೆ. 2014ರಲ್ಲಿ ನೆಲಗಡಲೆಯ ಅಲರ್ಜಿಯಿದ್ದ ಅಲ್ಲಿನ ಗ್ರಾಹಕರೊಬ್ಬರು, ಊಟದಲ್ಲಿ ನಟ್ಸ್ ಇರಬಾರದೆಂದು ಮೊದಲೇ ಹೇಳಿ ಭಾರತೀಯ ಹೋಟೆಲೊಂದರಿಂದ ಊಟ ತರಿಸಿಕೊಂಡರು. ಮಾಲೀಕ ಖರ್ಚು ತಗ್ಗಿಸಲು ಬಾದಾಮಿ ಪುಡಿಯ ಬದಲು ನೆಲಗಡಲೆ ಬೆರೆತ ಅಗ್ಗದ ಪುಡಿ ಬಳಸುತ್ತಿದ್ದ. ಆ ಊಟ ಉಂಡವರು ಪ್ರಾಣ ಕಳೆದುಕೊಂಡರು. 2016ರಲ್ಲಿ ನ್ಯಾಯಾಲಯವು ಮಾಲೀಕನಿಗೆ 6 ವರ್ಷಗಳ ಸೆರೆವಾಸ ವಿಧಿಸಿತು. ಅದೇ 2016ರಲ್ಲಿ ನತಾಶಾ ಎಂಬ 15 ವರ್ಷದ ಹುಡುಗಿ, ಹಿಟ್ಟಿನಲ್ಲಿ ಎಳ್ಳು ಸೇರಿರುವುದು ತಿಳಿಯದೆ ಒಂದು ಸ್ಯಾಂಡ್‌ವಿಚ್ ತಿಂದು ತೀರಿಕೊಂಡಳು. ಆಕೆಯ ಹೆಸರಿನಲ್ಲೇ ಪರಿಚಿತವಾದ ಕಾನೂನು 2021ರ ಅಕ್ಟೋಬರ್ 1ರಂದು ಜಾರಿಗೆ ಬಂದ ಮೇಲೆ, ನಾವೇ ಕರಿದು ಪೊಟ್ಟಣ ಕಟ್ಟಿ ಕೌಂಟರಿನಲ್ಲಿಡುವ ಚಕ್ಕುಲಿಗೂ ಪದಾರ್ಥಗಳ ಪೂರ್ಣ ಪಟ್ಟಿ ಅಂಟಿಸಬೇಕು. ಈ ಕಾನೂನುಗಳನ್ನು ನಾನು ಹೊರೆಯೆಂದು ಎಣಿಸಿಲ್ಲ.

ಅನ್ನದ ವಿಷಯದಲ್ಲಿ ನಮ್ಮವರಿಗೆ ಹೊಸದಾಗಿ ಕಲಿಸಬೇಕಾದದ್ದು ಬಹಳ. ರಾತ್ರಿ ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನವಾಗುವುದನ್ನು ನೋಡಿ ಬೆಳೆದವರು ನಾವು. ಆದರೆ ಬೆಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯದ ಬೀಜಾಣುಗಳು ಅಕ್ಕಿ ಬೆಂದರೂ ಸಾಯುವುದಿಲ್ಲ. ಅನ್ನ ಉಗುರು ಬೆಚ್ಚಗೆ ಕುಳಿತಷ್ಟು ಹೊತ್ತೂ ಅವು ಮೊಳೆತು ವೃದ್ಧಿಯಾಗುತ್ತವೆ, ಅವು ಉಂಟುಮಾಡುವ ವಿಷವು ಮತ್ತೆ ಬಿಸಿ ಮಾಡಿದರೂ ಹೋಗದು. ಆದ್ದರಿಂದ ಉಳಿದ ಅನ್ನವನ್ನು ಅಗಲವಾದ ತಟ್ಟೆಗಳಲ್ಲಿ ತೆಳುವಾಗಿ ಹರಡಿ, ಒಂದು ಗಂಟೆಯೊಳಗೆ ತಣಿಸಿ ಫ್ರಿಜ್ಜಿಗೆ ಸೇರಿಸುತ್ತೇವೆ; 24 ಗಂಟೆ ದಾಟಿದ್ದನ್ನು ಎಸೆಯುತ್ತೇವೆ. ಬಿಸಿಯಾಗಿ ಇಟ್ಟ ಸಾಂಬಾರು 63 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದು. ಪಾತ್ರೆಯ ತಳದಿಂದ ಕಲಕಿ, ನಡುವಿಗೆ ಥರ್ಮಾಮೀಟರಿನ ಕಡ್ಡಿ ಇಳಿಸಿ, ಅಂಕಿ ನಿಂತ ಮೇಲೆ ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತೇವೆ. ಪಾಲಿಕೆಯ ಅಧಿಕಾರಿ ಹೇಳದೆ ಕೇಳದೆ ಬಂದು ಶುಚಿತ್ವಕ್ಕೆ 0ರಿಂದ 5ರವರೆಗೆ ಅಂಕ ಕೊಡುವಾಗ ಮೊದಲು ಕೇಳುವ ವಸ್ತುಗಳಲ್ಲಿ ಆ ಪುಸ್ತಕವೂ ಒಂದು.

ಲೆಕ್ಕದ ಹೊಣೆಯೂ ನನ್ನದೇ. 12 ಪೌಂಡಿನ ಮಸಾಲೆ ದೋಸೆಯ ಮೂಲ ಬೆಲೆ 10 ಪೌಂಡ್; ಅದರ ಮೇಲಿನ ಶೇಕಡಾ 20ರ ವ್ಯಾಟ್ ತೆರಿಗೆಗೆ 2 ಪೌಂಡ್ ಹೋಗುತ್ತದೆ. ಉಳಿದ 10ರಲ್ಲಿ ದಿನಸಿಯ ಖರ್ಚು 3 ಪೌಂಡಿನ ಆಸುಪಾಸಿನಲ್ಲಿದ್ದರೆ ಮಾತ್ರ ಬಾಡಿಗೆ, ಸಂಬಳ, ಗ್ಯಾಸು ಸರಿದೂಗುತ್ತವೆ.

ಇವೆಲ್ಲಕ್ಕಿಂತ ಕಷ್ಟವಾದದ್ದು, ನನಗೆ ಅತ್ಯಂತ ಮುಖ್ಯವೂ ಆದದ್ದು ಜನರನ್ನು ನಡೆಸಿಕೊಳ್ಳುವುದು. ಎರಡು ಪಾಳಿಗಳ ನಡುವೆ 11 ಗಂಟೆ ಬಿಡುವು ಕೊಡಬೇಕೆಂಬುದು ಇಲ್ಲಿನ ಸಾಮಾನ್ಯ ನಿಯಮವಾದ್ದರಿಂದ, ರಾತ್ರಿ 12ಕ್ಕೆ ಹೊರಟವರನ್ನು ಬೆಳಿಗ್ಗೆ 11ಕ್ಕೆ ಮೊದಲು ಕರೆಯದಂತೆ ಕೆಲಸದ ಪಟ್ಟಿ ಬರೆಯುತ್ತೇನೆ. ಟಿಪ್ಸ್ ಹಣವನ್ನು ಕೆಲಸಗಾರರಿಗೆ ನ್ಯಾಯವಾಗಿ ಹಂಚಬೇಕೆಂಬ ಕಾನೂನು 2024ರ ಅಕ್ಟೋಬರಿನಲ್ಲಿ ಬಂದಾಗ, ಪಾತ್ರೆ ತೊಳೆಯುವವರ ಪಾಲೂ ಅದರಲ್ಲಿರಬೇಕೆಂದು ಮಾಲೀಕರೊಡನೆ ಕುಳಿತು ಮಾತಾಡಿ ಒಪ್ಪಿಸಿದೆ. ಅಡುಗೆಮನೆಯಲ್ಲಿ ಕಿರುಚಾಡಲು ನಾನು ಯಾರನ್ನೂ ಬಿಡುವುದಿಲ್ಲ. ಬೈಗುಳಕ್ಕೆ ಹೆದರಿದ ಹುಡುಗ ಸಂಶಯ ಬಂದರೂ ಬಾಯಿ ಬಿಡುವುದಿಲ್ಲ, ಅಲರ್ಜಿಯ ವಿಷಯದಲ್ಲಿ ಆ ಮೌನ ಒಂದು ಜೀವವನ್ನೇ ತೆಗೆಯಬಹುದು.

ಈಚೆಗೆ ಒಂದು ಶನಿವಾರ, ಸಂಜೆಯ ಸಾಂಬಾರಿಗೆ ಒಗ್ಗರಣೆ ಹಾಕುವ ಹೊತ್ತಿನಲ್ಲಿ, ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗದ ನೇಪಾಳದ ಹುಡುಗ ಒಲೆ ಆರಿಸಿ ನನ್ನ ಬಳಿ ಬಂದ. “ಶೆಫ್, ಈ ಇಂಗಿನ ಡಬ್ಬಿ ಬೇರೆ ಕಂಪನಿಯದು, ಇದರಲ್ಲಿ ಗೋಧಿ ಅಂತ ಬರೆದಿದೆ” ಎಂದ. ದಿನಸಿ ಪೂರೈಸುವವರು ನಮ್ಮನ್ನು ಕೇಳದೆಯೇ ಬ್ರಾಂಡ್ ಬದಲಿಸಿದ್ದರು. ಅಂದು ಇಂಗಿಲ್ಲದೆ ಬೆಳ್ಳುಳ್ಳಿಯ ಒಗ್ಗರಣೆ ಹಾಕಿದೆವು. ಸೋಮವಾರ ಪೂರೈಕೆದಾರರಿಗೆ ಫೋನ್ ಮಾಡಿ, ಮುಂದೆ ಯಾವ ವಸ್ತು ಬದಲಿಸುವುದಿದ್ದರೂ ಮೊದಲೇ ತಿಳಿಸುತ್ತೇವೆಂದು ಅವರಿಂದ ಬರೆಸಿಕೊಂಡೆ; ಬಂದ ಸರಕಿನ ಲೇಬಲ್ ಪರೀಕ್ಷಿಸುವ ಕೆಲಸವನ್ನು ಆ ಹುಡುಗನಿಗೇ ವಹಿಸಿದೆ.