ಬರೆಯೋದು 17 ಅಕ್ಷರ, ಕರೆಯೋದು ಫ್ಯಾನ್‌ಶಾ

ಬೆಳಿಗ್ಗೆ ಕಾಫಿ ಆರಿ ತಣ್ಣಗಾಗುವವರೆಗೂ ಒಂದು ಇಂಗ್ಲಿಷ್ ಸರ್‌ನೇಮ್ ಹಿಂದೆ ಬಿದ್ದಿದ್ದೆ. ಫೆದರ್‌ಸ್ಟೋನ್‌ಹಾ. ಇಂಗ್ಲಿಷಿನಲ್ಲಿ ಬರೆದರೆ ಬರೋಬ್ಬರಿ 17 ಅಕ್ಷರ, ಆದರೆ ಆ ಮನೆತನದ ಎಷ್ಟೋ ಜನ ಕರೆಸಿಕೊಳ್ಳುವುದು ಬರೀ ಫ್ಯಾನ್‌ಶಾ ಅಂತ! ಉಳಿದ ಅಕ್ಷರಗಳೆಲ್ಲ ಸುಮ್ನೆ ಕೂತಿರುತ್ತವೆ, ಮದುವೆ ಮನೆಯ ದೂರದ ನೆಂಟರ ಹಾಗೆ.

ಮೂಲ ಇಂಗ್ಲೆಂಡಿನ ಉತ್ತರದ ತುದಿ, ನಾರ್ತಂಬರ್‌ಲ್ಯಾಂಡಿನಲ್ಲಿ ಸೌತ್ ಟೈನ್ ನದಿ ಪಕ್ಕದ ಒಂದು ಜಾಗ. ‘ಫೆದರ್’ ಅಂದರೆ ಗರಿ ಅಂದುಕೊಂಡಿದ್ದೆ, ಅಲ್ವಂತೆ. ಹಳೆ ಇಂಗ್ಲಿಷಿನಲ್ಲಿ ಅದು ನಾಲ್ಕು. ಮೂರು ಕಲ್ಲು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದರೆ ಅದು ನಾಲ್ಕುಕಲ್ಲು, ‘ಫೆದರ್‌ಸ್ಟೋನ್’. ಕೊನೆಯ ‘ಹಾ’ ಹೊಳೆದಂಡೆಯ ಬಯಲು. ಒಟ್ಟಿನಲ್ಲಿ ನಾಲ್ಕುಕಲ್ಲು ಬಯಲಿನವರು. ನಮ್ಮೂರ ಕಡೆ ಹೊಲಕ್ಕೆ ಇಡೋ ಹೆಸರಿನ ಹಾಗೇ ಇದೆ.

ಕಾಫಿ ಮತ್ತೆ ಬಿಸಿ ಮಾಡಬೇಕು.