ಸೋಲ್ ಸಂಗೀತ ಕೇಳಬೇಕು, ಎಲ್ಲಿಂದ ಶುರು ಮಾಡಲಿ?

ಹಳೇ ಅಮೆರಿಕನ್ ಹಾಡುಗಳ ಹುಚ್ಚು ನನಗಿದೆ ಅಂತ ಗೊತ್ತಿರುವವರು ಯಾವಾಗಲೂ ಕೇಳುವ ಪ್ರಶ್ನೆ ಇದು. ಸೋಲ್ ಅಂದರೆ ಅಮೆರಿಕದ ಕಪ್ಪು ಕಲಾವಿದರು ಬೆಳೆಸಿದ ಒಂದು ಹಾಡಿನ ಶೈಲಿ. ಕೇಳಿದವರು ಒಂದು ಪಟ್ಟಿ ಸಿಗುತ್ತದೆ ಅಂತ ಕಾಯುತ್ತಾರೆ. ಮಾರ್ವಿನ್ ಗೇ, ಸ್ಟೀವಿ ವಂಡರ್, ಸುಪ್ರೀಮ್ಸ್, ಟೆಂಪ್ಟೇಷನ್ಸ್, ಫೋರ್ ಟಾಪ್ಸ್. ನಾನು ಗಾಯಕರ ಹೆಸರು ಹೇಳುವುದಿಲ್ಲ. ಮೊದಲು ಒಂದು ಸಾಕ್ಷ್ಯಚಿತ್ರ ನೋಡಿ ಅನ್ನುತ್ತೇನೆ. ಪಾಲ್ ಜಸ್ಟ್‌ಮನ್ ನಿರ್ದೇಶಿಸಿದ, 2002ರಲ್ಲಿ ಬಂದ 'ಸ್ಟ್ಯಾಂಡಿಂಗ್ ಇನ್ ದಿ ಶ್ಯಾಡೋಸ್ ಆಫ್ ಮೋಟೌನ್'.

ಕಾರಣ ಇಷ್ಟೇ. ಮೇಲೆ ಹೇಳಿದ ಅಷ್ಟೂ ಗಾಯಕರ ಹಿಂದೆ ಅರವತ್ತರ ದಶಕದಲ್ಲಿ ನುಡಿಸುತ್ತಿದ್ದದ್ದು ಹೆಚ್ಚುಕಡಿಮೆ ಒಂದೇ ತಂಡ. ತಮ್ಮನ್ನು ತಾವು ಫಂಕ್ ಬ್ರದರ್ಸ್ ಅಂತ ಕರೆದುಕೊಳ್ಳುತ್ತಿದ್ದರು. ಗಾಯಕರಿಂದ ಶುರು ಮಾಡಿದರೆ ಹತ್ತು ಬೇರೆ ಬೇರೆ ಊರು ಸುತ್ತಿದ ಹಾಗೆ. ಈ ತಂಡದಿಂದ ಶುರು ಮಾಡಿದರೆ ಎಲ್ಲ ಊರಿಗೂ ಹೋಗುವ ದಾರಿ ಸಿಕ್ಕಿಬಿಡುತ್ತದೆ.

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. ಕಾರು ಕಾರ್ಖಾನೆಗಳ ಊರು ಡೆಟ್ರಾಯಿಟ್. ಅಲ್ಲಿ ಬೆರಿ ಗಾರ್ಡಿ ಎಂಬ ಯುವಕ 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ತೆಗೆದುಕೊಂಡು, ಮುಂದೆ ಮೋಟೌನ್ ಅಂತ ಹೆಸರಾದ ರೆಕಾರ್ಡ್ ಕಂಪನಿ ಶುರು ಮಾಡಿದರು. ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್‌ನ ಒಂದು ಸಾಧಾರಣ ಮನೆ ಕೊಂಡು, ಅದರ ಗ್ಯಾರೇಜನ್ನೇ ಸ್ಟುಡಿಯೋ ಮಾಡಿದರು. ಛಾವಣಿಯಿಂದ ವೈರುಗಳು ಇಳಿಬಿದ್ದಿದ್ದವು. ಹಾಗಾಗಿ ಕಲಾವಿದರು ಅದನ್ನು ಹಾವಿನ ಗುಂಡಿ ಅನ್ನುತ್ತಿದ್ದರು. ಹಗಲು ರಾತ್ರಿ ಕೆಲಸ ನಡೆಯುತ್ತಿತ್ತು. ನುಡಿಸುವವರೆಲ್ಲ ಡೆಟ್ರಾಯಿಟ್‌ನ ಕ್ಲಬ್‌ಗಳಲ್ಲಿ ಜಾಝ್ ನುಡಿಸಿ ಪಳಗಿದವರು. ಹೊಸ ಸದ್ದು ಬೇಕೆಂದರೆ ಕೈಗೆ ಸಿಕ್ಕಿದ್ದನ್ನೇ ವಾದ್ಯ ಮಾಡುತ್ತಿದ್ದರು. 1965ರ 'ನೋವೇರ್ ಟು ರನ್' ಹಾಡಿನಲ್ಲಿ ಝಲ್ ಝಲ್ ಅನ್ನುವ ಒಂದು ಸದ್ದಿದೆ. ಹಿಮ ಬಿದ್ದಾಗ ಕಾರಿನ ಟೈರಿಗೆ ಸುತ್ತುವ ಸರಪಳಿ ಅದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಚಿತ್ರ ನಮಗೆ ಕೇಳುವುದನ್ನು ಕಲಿಸುತ್ತದೆ. ಅದಕ್ಕೇ ನಾನು ಇದನ್ನು ಮೊದಲು ಹೇಳುವುದು.

'ಮೈ ಗರ್ಲ್' ತೆಗೆದುಕೊಳ್ಳಿ. ಟೆಂಪ್ಟೇಷನ್ಸ್ ತಂಡ 1964ರಲ್ಲಿ ಹಾಡಿದ್ದು. ಇಂಗ್ಲಿಷ್ ಹಾಡು ಕೇಳದವರ ಕಿವಿಗೂ ಎಲ್ಲೋ ಒಮ್ಮೆ ಬಿದ್ದಿರುತ್ತದೆ. ಮೊದಲು ಬಾಸ್ ಗಿಟಾರ್ ಒಂದೇ ಮಾತನ್ನು ಮೆಲ್ಲಗೆ ಮತ್ತೆ ಮತ್ತೆ ಹೇಳುತ್ತದೆ. ಆಮೇಲೆ ಗಿಟಾರ್ ಒಂದೊಂದೇ ಸ್ವರ ಹತ್ತಿಕೊಂಡು ಮೇಲೆ ಹೋಗುತ್ತದೆ. ಹಾಡಿ ನೋಡಿ: ಸ ರಿ ಗ ಪ ದ ಸ. ನಮ್ಮ ಮೋಹನ ರಾಗದ ಆರೋಹಣ! ಕಲಿಯುವ ಮಕ್ಕಳು ಮೊದಮೊದಲೇ ಹಾಡುವ ಗೀತೆಯ ರಾಗ. ಆಮೇಲೆ ಆಧಾರದ ಸ್ವರ ಬದಲಾಗುತ್ತದೆ, ಗಿಟಾರ್ ಅದೇ ಮೆಟ್ಟಿಲುಗಳನ್ನು ಅಲ್ಲಿಂದ ಹತ್ತುತ್ತದೆ. ಹಾಡುವವರು ಬಾಯಿ ತೆರೆಯುವ ಮೊದಲೇ ಹಾಡು ನಮ್ಮ ಮನಸ್ಸಿನೊಳಗೆ ಬಂದು ಕೂತಾಗಿದೆ. ಅದನ್ನು ನುಡಿಸಿದವರು ರಾಬರ್ಟ್ ವೈಟ್.

ವೈಟ್ ಬಗ್ಗೆ ಚಿತ್ರದಲ್ಲಿ ಒಂದು ಪ್ರಸಂಗ ಬರುತ್ತದೆ. ಎಷ್ಟೋ ವರ್ಷಗಳ ನಂತರ ಅವರು ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದಾರೆ. ಅಲ್ಲಿ 'ಮೈ ಗರ್ಲ್' ಶುರುವಾಗುತ್ತದೆ. ಬಡಿಸುವವನಿಗೆ "ಇದು ನಾನು ನುಡಿಸಿದ್ದು" ಅಂತ ಹೇಳಲು ಬಾಯಿ ತೆರೆಯುತ್ತಾರೆ. ಹೇಳದೆ ಸುಮ್ಮನಾಗುತ್ತಾರೆ. ಯಾರು ನಂಬುತ್ತಾರೆ ಅಂತ. ನನಗೆ ಇಡೀ ಚಿತ್ರದಲ್ಲಿ ತುಂಬಾ ನೋವು ಕೊಟ್ಟ ಗಳಿಗೆ ಅದು. ವೈಟ್ 1994ರಲ್ಲಿ ತೀರಿಕೊಂಡರು, ಚಿತ್ರ ಬರುವ ಮೊದಲೇ.

ಬಾಸ್ ನುಡಿಸಿದ್ದು ಜೇಮ್ಸ್ ಜೇಮರ್‌ಸನ್. ಈ ಕಥೆಯ ಹೃದಯ ಅವರೇ. ದಕ್ಷಿಣ ಕ್ಯಾರೊಲಿನಾದಲ್ಲಿ ಹುಟ್ಟಿ ಡೆಟ್ರಾಯಿಟ್‌ಗೆ ಬಂದವರು. ಮೊದಲು ಕಲಿತದ್ದು ನಿಂತು ನುಡಿಸುವ ದೊಡ್ಡ ಬಾಸ್. ಆಮೇಲೆ ಎಲೆಕ್ಟ್ರಿಕ್ ಬಾಸ್ ಹಿಡಿದಾಗಲೂ ಬಲಗೈಯಲ್ಲಿ ತೋರುಬೆರಳು ಒಂದನ್ನೇ ಬಳಸುತ್ತಿದ್ದರು. ಆ ಬೆರಳಿಗೇ 'ದಿ ಹುಕ್' ಅಂತ ಅಡ್ಡಹೆಸರಿತ್ತು. ತಂತಿ ಬದಲಾಯಿಸುವ ಅಭ್ಯಾಸವೇ ಇರಲಿಲ್ಲ. ಅವರಿಗಿಂತ ಮುಂಚೆ ಪಾಪ್ ಹಾಡಿನಲ್ಲಿ ಬಾಸ್ ಅಂದರೆ ಜಾಸ್ತಿ ಕಡೆ ಕೆಳಗೆ ತಾಳ ಹಿಡಿದು ಕೂರುವ ವಾದ್ಯ. ಜೇಮರ್‌ಸನ್ ಕೈಯಲ್ಲಿ ಅದು ಗಾಯಕರ ಜೊತೆ ಮಾತಾಡತೊಡಗಿತು. ಫೋರ್ ಟಾಪ್ಸ್‌ನ 'ಬರ್ನಡೆಟ್' ಕೇಳಿ, 1967ರದ್ದು. ಮೇಲೆ ಆ ತಂಡದ ಗಾಯಕ ಲೀವೈ ಸ್ಟಬ್ಸ್ ಗಂಟಲು ಕಿತ್ತುಬರುವ ಹಾಗೆ ಕೂಗುತ್ತಿದ್ದಾರೆ. ಕೆಳಗೆ ಬಾಸ್ ಒಂದು ಕ್ಷಣ ಸುಮ್ಮನಿರದೆ ತನ್ನದೇ ಹಾಡು ಕಟ್ಟುತ್ತಿದೆ. ಇಬ್ಬರೂ ಒಬ್ಬರಿಗೊಬ್ಬರು ಅಡ್ಡ ಬರುವುದಿಲ್ಲ.

'ವಾಟ್ಸ್ ಗೋಯಿಂಗ್ ಆನ್' ರೆಕಾರ್ಡ್ ಆದ ರಾತ್ರಿಯ ಕಥೆಯೂ ಹೇಳಲೇಬೇಕು. ಮಾರ್ವಿನ್ ಗೇ ಜೇಮರ್‌ಸನ್‌ರನ್ನು ಹುಡುಕಿಸಿ ಒಂದು ಕ್ಲಬ್ಬಿನಿಂದ ಕರೆತಂದರಂತೆ. ಕುಡಿದು ಕೂರಲೂ ಆಗುತ್ತಿರಲಿಲ್ಲ. ನೆಲದ ಮೇಲೆ ಅಂಗಾತ ಮಲಗಿ ನುಡಿಸಿದರಂತೆ. ಆ ಹಾಡಿನ ಬಾಸ್ ಕೇಳಿದರೆ ನಂಬೋಕೆ ಆಗುವುದಿಲ್ಲ, ಅಲ್ವಾ? ಅಷ್ಟು ನಿರಾಳವಾಗಿ ಹರಿಯುತ್ತದೆ. 1971ರ ಆ ಆಲ್ಬಮ್‌ನ ಹೊದಿಕೆಯ ಮೇಲೆ ಕೊನೆಗೂ ಈ ಕಲಾವಿದರ ಹೆಸರುಗಳು ಅಚ್ಚಾದವು. ಅಲ್ಲಿಯವರೆಗೆ ಮೋಟೌನ್ ನುಡಿಸಿದವರ ಹೆಸರು ಹಾಕುತ್ತಿರಲಿಲ್ಲ.

ಮರುವರ್ಷ, 1972ರಲ್ಲಿ, ಕಂಪನಿ ಲಾಸ್ ಏಂಜಲೀಸ್‌ಗೆ ಹೊರಟುಹೋಯಿತು. ಸ್ಟುಡಿಯೋ ಬಾಗಿಲಿಗೆ ಅಂಟಿಸಿದ ಚೀಟಿ ನೋಡಿ ಕೆಲಸ ಇಲ್ಲ ಅಂತ ಗೊತ್ತಾಯಿತು ಅಂತ ಕಲಾವಿದರು ಚಿತ್ರದಲ್ಲಿ ನೆನೆಯುತ್ತಾರೆ. 1983ರಲ್ಲಿ ಮೋಟೌನ್‌ಗೆ 25 ತುಂಬಿದ ದೊಡ್ಡ ಟೀವಿ ಕಾರ್ಯಕ್ರಮ ನಡೆದಾಗ ಜೇಮರ್‌ಸನ್ ಟಿಕೆಟ್ ಕೊಂಡು ಬಾಲ್ಕನಿಯಲ್ಲಿ ಕೂತು ನೋಡಿದರು. ಅದೇ ವರ್ಷ ಆಗಸ್ಟ್‌ನಲ್ಲಿ ತೀರಿಕೊಂಡರು. 47 ವರ್ಷ. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಚಿತ್ರದ ಬಗ್ಗೆ ಒಂದು ತಕರಾರು ಆಗಾಗ ಕೇಳಿಬರುತ್ತದೆ. ಬದುಕಿದ್ದ ಫಂಕ್ ಬ್ರದರ್ಸ್‌ರನ್ನು ಸೇರಿಸಿ ವೇದಿಕೆಯ ಮೇಲೆ ಹಳೇ ಹಾಡುಗಳನ್ನು ಮತ್ತೆ ನುಡಿಸಿದ್ದಾರೆ. ಹಾಡಿದ್ದು ಬೇರೆ ಗಾಯಕರು: ಜೋನ್ ಆಸ್ಬೋರ್ನ್, ಬೆನ್ ಹಾರ್ಪರ್, ಚಾಕಾ ಖಾನ್, ಜೆರಾಲ್ಡ್ ಲೆವರ್ಟ್. "ಮೂಲ ದನಿ ಇಲ್ಲದೆ ಏನು ಮಜಾ" ಅನ್ನುತ್ತಾರೆ. ನನ್ನ ಪ್ರಕಾರ ಚಿತ್ರದ ಅತಿ ಜಾಣ ಕೆಲಸವೇ ಅದು. ಪರಿಚಯದ ದನಿ ಪಕ್ಕಕ್ಕೆ ಸರಿದ ಕೂಡಲೇ ಕಿವಿ ತಾನಾಗಿ ಹಿಂದಕ್ಕೆ ಹೋಗುತ್ತದೆ. ಜೋನ್ ಆಸ್ಬೋರ್ನ್ ಹಾಡಿದ 'ವಾಟ್ ಬಿಕಮ್ಸ್ ಆಫ್ ದಿ ಬ್ರೋಕನ್‌ಹಾರ್ಟೆಡ್' ಕೇಳುವಾಗ ಅದನ್ನು ಮೊದಲು ಹಾಡಿದ ಜಿಮ್ಮಿ ರಫಿನ್ ಇಲ್ಲ ಅನ್ನಿಸುವುದೇ ಇಲ್ಲ. ಇವರ ಸಂಗೀತ ಇದ್ದರೆ ಯಾರು ಹಾಡಿದರೂ ಹಿಟ್ ಆಗುತ್ತಿತ್ತು ಅನ್ನುವ ಮಾತೂ ಚಿತ್ರದಲ್ಲಿ ಬರುತ್ತದೆ. ನಾನು ಅಷ್ಟು ದೂರ ಹೋಗುವುದಿಲ್ಲ. ಮಾರ್ವಿನ್ ಗೇ ಜಾಗದಲ್ಲಿ ಇನ್ನೊಬ್ಬರು ಕೂರಲಾರರು. ಬೀಟಲ್ಸ್, ಎಲ್ವಿಸ್, ರೋಲಿಂಗ್ ಸ್ಟೋನ್ಸ್, ಬೀಚ್ ಬಾಯ್ಸ್ ಎಲ್ಲರ ನಂಬರ್ ಒನ್ ಹಾಡು ಕೂಡಿಸಿದರೂ ಇವರದೇ ಜಾಸ್ತಿ ಅಂತ ಚಿತ್ರ ಲೆಕ್ಕ ಕೊಡುತ್ತದೆ. ಆ ಲೆಕ್ಕವೂ ನನಗೆ ಬೇಕಿಲ್ಲ. ಇವರನ್ನು ಅಳೆಯೋಕೆ ಅದು ಸಣ್ಣ ಅಳತೆ.

ತಂಡದಲ್ಲಿ ಇಬ್ಬರು ಬಿಳಿಯರಿದ್ದರು, ಗಿಟಾರ್‌ನ ಜೋ ಮೆಸಿನಾ ಮತ್ತು ಬಾಸ್‌ನ ಬಾಬ್ ಬ್ಯಾಬಿಟ್. 1967ರ ಗಲಭೆಯಲ್ಲಿ ಡೆಟ್ರಾಯಿಟ್ ಹೊತ್ತಿ ಉರಿದಿತ್ತು, 43 ಜನ ಸತ್ತಿದ್ದರು. ಆ ದಿನಗಳಲ್ಲಿ ಕಪ್ಪು ಕಲಾವಿದರ ನಡುವೆ ಹೇಗಿತ್ತು ಅಂತ ಚಿತ್ರದಲ್ಲಿ ಗಾಯಕಿ ಮಿಶೆಲ್ ಎನ್‌ಡೆಗೆಓಚೆಲ್ಲೊ ಬ್ಯಾಬಿಟ್‌ರನ್ನು ಕೇಳುತ್ತಾರೆ. ಬ್ಯಾಬಿಟ್ ಉತ್ತರ ಹೇಳಲು ಹೋಗಿ ಗಂಟಲು ಕಟ್ಟಿ ನಿಲ್ಲುತ್ತಾರೆ. ಕ್ಯಾಮೆರಾ ಅವಸರ ಮಾಡುವುದಿಲ್ಲ.

"ಇದೆಲ್ಲ ನಮಗ್ಯಾಕೆ" ಅನ್ನುವವರಿಗೆ ಒಂದೇ ಮಾತು. ನಮ್ಮ ಕನ್ನಡ ಚಿತ್ರಗೀತೆಗಳೂ ಬಹುಕಾಲ ಮದ್ರಾಸಿನ ಸ್ಟುಡಿಯೋಗಳಲ್ಲಿ ರೆಕಾರ್ಡ್ ಆದವು. ಪಿ.ಬಿ. ಶ್ರೀನಿವಾಸ್ ದನಿಯನ್ನು ನಿದ್ದೆಗಣ್ಣಲ್ಲೂ ಗುರುತಿಸುತ್ತೇವೆ. ಹಾಡಿನ ನಡುವೆ ಬರುವ ಆ ಕೊಳಲು ಯಾರದ್ದು? ಪಿಟೀಲು ಯಾರದ್ದು? ಹೆಸರು ಹೇಳಬಲ್ಲವರು ನಮ್ಮಲ್ಲಿ ಎಷ್ಟು ಜನ?

ಡ್ರಮ್ಸ್‌ನ ರಿಚರ್ಡ್ 'ಪಿಸ್ಟಲ್' ಆಲನ್, ಪಿಯಾನೋದ ಜಾನಿ ಗ್ರಿಫಿತ್ ಇಬ್ಬರೂ ಚಿತ್ರ ಬಂದ ವರ್ಷವೇ ಹೋದರು. ತಡವಾಗಿಯಾದರೂ ಅವರ ಮಾತು, ನಗು, ಕೈ ಎಲ್ಲ ಅಲ್ಲಿ ದಾಖಲಾಗಿವೆ. ಇನ್ನೂ ಸ್ವಲ್ಪ ತಡವಾಗಿದ್ದರೆ ಅದೂ ಇರುತ್ತಿರಲಿಲ್ಲ.

ಹಾಗಾಗಿ ಹೀಗೆ ಮಾಡಿ. ಮೊದಲು ಚಿತ್ರ ನೋಡಿ. ಆಮೇಲೆ ಒಳ್ಳೇ ಹೆಡ್‌ಫೋನ್ ಹಾಕಿಕೊಂಡು 1967ರ 'ಏಂಟ್ ನೋ ಮೌಂಟನ್ ಹೈ ಎನಫ್' ಹಚ್ಚಿ. ಫೋನಿನ ಸ್ಪೀಕರ್‌ನಲ್ಲಿ ಬೇಡ, ಬಾಸ್ ಕೇಳಿಸುವುದೇ ಇಲ್ಲ. ಮೊದಲ ಸಲ ಜೇಮರ್‌ಸನ್ ಬೆರಳಿನ ಹಿಂದೆ ಮಾತ್ರ ಹೋಗಿ. ಎರಡನೇ ಸಲ ಯೂರಿಯಲ್ ಜೋನ್ಸ್ ಡ್ರಮ್ಸ್ ಹಿಡಿಯಿರಿ. ಮೂರನೇ ಸಲ ಮಾರ್ವಿನ್ ಗೇ ಮತ್ತು ಟ್ಯಾಮಿ ಟೆರೆಲ್ ಹಾಡುವುದನ್ನು ಕೇಳಿ. ಅಷ್ಟಾದ ಮೇಲೆ ಗಾಯಕರ ಪಟ್ಟಿ ಕೇಳಿ, ಖಂಡಿತ ಕೊಡುತ್ತೇನೆ.