ನಿನ್ನ ಟೀಚರ್‌ಗೆ ನೀವೇನ್ ಮಾಡಿದ್ರಿ?

ಮೂರು ವಾರದಿಂದ ನಮ್ಮ ಗ್ಯಾರೇಜಿನ ತಗಡಿನ ಬಾಗಿಲು ದಡದಡ ಅನ್ನುತ್ತಿದೆ. ಒಳಗೆ ಮಗ ಬರಿಗಾಲಲ್ಲಿ ನಿಂತು ತೊಡೆ ತಟ್ಟಿಕೊಂಡು, ಕಣ್ಣು ಅರಳಿಸಿ, ಗಂಟಲು ಹರಿಯುವಂತೆ ಕೂಗುತ್ತಾನೆ. ಈ ಸಲ ಅವನು ಇಲ್ಲಿ, ನ್ಯೂಜಿಲೆಂಡಿನ ಪಾಮರ್‌ಸ್ಟನ್ ನಾರ್ತ್ ಬಾಯ್ಸ್ ಹೈಸ್ಕೂಲಿಗೆ ಸೇರಿದ್ದಾನೆ. ಸರ್ಕಾರಿ ಶಾಲೆ, ಹುಡುಗರದ್ದು ಮಾತ್ರ. ಸೇರಿದವರೆಲ್ಲ ಶಾಲೆಯ ಹಾಕಾ ಕಲಿಯಬೇಕು.

ಹಾಕಾ ಅಂದರೆ ರಗ್ಬಿ ಆಟಕ್ಕೆ ಮುಂಚೆ ನ್ಯೂಜಿಲೆಂಡಿನವರು ನಾಲಿಗೆ ಚಾಚಿ ಕುಣಿಯುವುದು ಅಂತ ನಮ್ಮ ಕಡೆ ಗೊತ್ತು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಇಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನಕ್ಕೆ ಅದು ಯುದ್ಧಕ್ಕೆ ಮಾತ್ರ ಮೀಸಲಲ್ಲ. ಅತಿಥಿ ಬಂದಾಗ, ಮದುವೆಯಲ್ಲಿ, ಸಾವಿನ ಮನೆಯಲ್ಲಿ, ಮಾತು ಸಾಲದೇ ಹೋದ ಕಡೆಯಲ್ಲೆಲ್ಲ ಹಾಕಾ ಇರುತ್ತದೆ.

ಗಲಾಟೆ ಜಾಸ್ತಿ ಆಯ್ತೇನೋ ಅಂತ ಒಂದು ಸಂಜೆ ಪಕ್ಕದ ಮನೆಯ ಅಜ್ಜನ ಹತ್ತಿರ ಸಾರಿ ಕೇಳೋಕೆ ಹೋದೆ. ಅವರೂ ಅದೇ ಶಾಲೆಯಲ್ಲಿ ಓದಿದವರು. ಬೇಲಿಯ ಮೇಲೆ ಕೈಯಿಟ್ಟು ನಿಂತು ಕೇಳಿಸಿಕೊಳ್ಳುತ್ತಿದ್ದರು. "ನಿಲ್ಲಿಸಬೇಡ ಅಂತ ಹೇಳು ಅವನಿಗೆ," ಅಂದರು. ಅಷ್ಟೇ. ಕಣ್ಣು ಗ್ಯಾರೇಜಿನ ಕಡೆಯೇ ಇತ್ತು.

ಶಾಲೆ ಶುರುವಾಗಿದ್ದು 1902ರಲ್ಲಿ. ಮೊದಲು ಹುಡುಗ ಹುಡುಗಿಯರು ಒಟ್ಟಿಗೇ ಓದುತ್ತಿದ್ದರು, 1920ರಲ್ಲಿ ಬೇರೆಬೇರೆ ಮಾಡಿದರು. ಲ್ಯಾಟಿನ್‌ನಲ್ಲಿ ಒಂದು ಧ್ಯೇಯವಾಕ್ಯ ಇದೆ. ದುಡಿಮೆ ಇಲ್ಲದೆ ಒಳ್ಳೆಯದು ಯಾವುದೂ ಇಲ್ಲ ಅಂತ ಅದರ ಅರ್ಥ. ಮಗ ಅದನ್ನು ಓದಿ ಹೇಳಿದಾಗ ನನ್ನ ಹೆಂಡತಿ ಅಡುಗೆಮನೆಯಿಂದಲೇ, "ಕೈ ಕೆಸರಾದರೆ ಬಾಯಿ ಮೊಸರು ಅನ್ನೋ," ಅಂದಳು. ಆರ್‌ಸಿಬಿ ನೋಡುವವರಿಗೆ ಇನ್ನೊಂದು ನೆಂಟಸ್ತಿಕೆ ಇದೆ. ಶುರುವಿನ ವರ್ಷಗಳಲ್ಲಿ ನಮ್ಮ ತಂಡಕ್ಕೆ ಆಡಿದ ರಾಸ್ ಟೇಲರ್ ಈ ಶಾಲೆಯ ಹುಡುಗ. ಅದನ್ನು ಕೇಳಿದ ದಿನ ನಾನು ಚಿತ್ರದುರ್ಗದಲ್ಲಿರುವ ತಮ್ಮನಿಗೆ ಫೋನ್ ಮಾಡಿ ಹೇಳಿದೆ.

ಹೋದ ಶನಿವಾರ ಮಗ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ. 2015ರದ್ದು. ಆ ಶಾಲೆಯಲ್ಲಿ ಬಹಳ ವರ್ಷ ಗಣಿತ, ದೈಹಿಕ ಶಿಕ್ಷಣ ಕಲಿಸಿದ ಮೇಷ್ಟ್ರೊಬ್ಬರು ತೀರಿಕೊಂಡಿದ್ದರು. ಅವರ ಶವ ಹೊತ್ತ ಕಾರು ನಿಧಾನಕ್ಕೆ ಶಾಲೆಯೊಳಗೆ ಬರುತ್ತದೆ. ಸುಮಾರು 1,700 ಹುಡುಗರು ಸಾಲಾಗಿ ನಿಂತಿದ್ದಾರೆ. ಒಬ್ಬನೂ ಪಿಟ್ ಅನ್ನುವುದಿಲ್ಲ. ಆಮೇಲೆ ಒಂದೇ ಸಲಕ್ಕೆ ಹಾಕಾ ಎದ್ದು ಬರುತ್ತದೆ. ಎದೆ ಗುದ್ದಿಕೊಳ್ಳುವ ಸದ್ದು, ಕಾಲು ಅಪ್ಪಳಿಸುವ ಸದ್ದು. ಕೂಗುತ್ತಾ ಕೂಗುತ್ತಾ ಹುಡುಗರ ಮುಖ ಕೆಂಪಾಗುತ್ತದೆ. ಹದಿನೈದು ಹದಿನಾರರ ಹುಡುಗರು. ಅಳು ತೋರಿಸೋಕೆ ನಾಚುವ ವಯಸ್ಸು ಅಲ್ವಾ?

ಮುಗಿದ ಮೇಲೆ ಮಗ ಕೇಳಿದ. "ಅಪ್ಪಾ, ನಿನ್ನ ಮ್ಯಾಥ್ಸ್ ಟೀಚರ್ ಹೋದ ವರ್ಷ ಸತ್ತೋದ್ರಲ್ವಾ? ನೀವೆಲ್ಲ ಏನ್ ಮಾಡಿದ್ರಿ?"

ಏನು ಮಾಡಿದೆವು? ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ಕೆಳಗೆ ಸಾಲಾಗಿ ಕೈಮುಗಿಯುವ ಚಿತ್ರಗಳು. 'ಓಂ ಶಾಂತಿ' ಅಂತ ನಾನೂ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಯಾರೋ ಬೇರೆ ಏನೋ ಕಳಿಸಿದರು, ಮಾತು ಅತ್ತ ಹೋಯಿತು. ಇದನ್ನು ಮಗನಿಗೆ ಹೇಳೋಕೆ ಬಾಯಿ ಬರಲಿಲ್ಲ.

ನಮ್ಮದೂ ಸರ್ಕಾರಿ ಬಾಲಕರ ಪ್ರೌಢಶಾಲೆಯೇ. ಹಂಚಿನ ಮಾಡು, ಎದುರಿಗೆ ಎರಡು ಬೇವಿನ ಮರ. ಮೇಷ್ಟ್ರು ಸೀಮೆಸುಣ್ಣವನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದರು. ಹಾಗಾಗಿ ಅವರ ಎಡಗಡೆಯ ಜೇಬು ಯಾವಾಗಲೂ ಬೆಳ್ಳಗೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗ ಸಂಜೆ ಸೈಕಲ್ಲಿನಲ್ಲಿ ಮತ್ತೆ ಬರುತ್ತಿದ್ದರು. ಯಾರೂ ಬಾ ಅಂದಿರಲಿಲ್ಲ, ಯಾರೂ ದುಡ್ಡು ಕೊಡುತ್ತಿರಲಿಲ್ಲ. ಕರೆಂಟು ಹೋದರೆ ಕಂದೀಲು ಹಚ್ಚಿ, ಅದನ್ನು ಬೋರ್ಡಿನ ಹತ್ತಿರ ಎತ್ತಿ ಹಿಡಿಯೋಕೆ ನನ್ನನ್ನು ಕರೆಯುತ್ತಿದ್ದರು. ಅವರು ಬರೆಯುತ್ತಾ ಹೋದ ಹಾಗೆ ನಾನು ಪಕ್ಕದಲ್ಲಿ ಸರಿಯುತ್ತಾ ಹೋಗಬೇಕು. "ಉತ್ತರ ತಪ್ಪಿದ್ರೆ ತಪ್ಪಲಿ ಕಣೋ, ಬಂದ ದಾರಿ ತೋರ್ಸು," ಅನ್ನುತ್ತಿದ್ದರು. ಪ್ರತಿ ಹೆಜ್ಜೆಗೂ ಅಂಕ ಕೊಡುತ್ತಿದ್ದರು. ನಾನು ಇವತ್ತು ಈ ದೇಶದಲ್ಲಿ ಕೂತು ಮಾಡುವ ಕೆಲಸ ಆ ಕಂದೀಲಿನ ಬೆಳಕಲ್ಲಿ ಕಲಿತದ್ದು.

ಅವರ ಹೆಸರು ಆ ಶಾಲೆಯಲ್ಲಿ ಎಲ್ಲೂ ಇಲ್ಲ. ಆಫೀಸ್ ರೂಮಿನ ಗೋಡೆಯ ಮೇಲೆ ಮುಖ್ಯೋಪಾಧ್ಯಾಯರ ಪಟ್ಟಿ ಇದೆ, ಯಾವಾಗಿಂದ ಯಾವಾಗಿನವರೆಗೆ ಅಂತ. ಸಹಶಿಕ್ಷಕರು ಎಷ್ಟು ವರ್ಷ ದುಡಿದರೂ ಆ ಗೋಡೆಗೆ ಏರುವುದಿಲ್ಲ. ನಮಗೆ ಗುರುಭಕ್ತಿ ಕಡಿಮೆ ಅಂತ ನಾನು ಹೇಳೋದಿಲ್ಲ. ಶಿಕ್ಷಕರ ದಿನಾಚರಣೆಗೆ ಭಾಷಣ ಮಾಡಿದ್ದೇವೆ, ಶಾಲು ಹೊದಿಸಿದ್ದೇವೆ. ಆದರೆ ಅವರು ಹೋದ ದಿನ ಇಡೀ ಶಾಲೆ ಒಂದೇ ದನಿಯಲ್ಲಿ ಹೇಳಬಹುದಾದ ಯಾವುದನ್ನೂ ನಮಗೆ ಯಾರೂ ಕಲಿಸಿರಲಿಲ್ಲ. ನಾವೂ ಕಟ್ಟಿಕೊಳ್ಳಲಿಲ್ಲ.

ಭಾನುವಾರ ರಾತ್ರಿ ಗೆಳೆಯನಿಂದ ನಂಬರ್ ತಗೊಂಡು ಮೇಷ್ಟ್ರ ಮನೆಗೆ ಫೋನ್ ಮಾಡಿದೆ. ಅಲ್ಲಿ ಮಧ್ಯಾಹ್ನ. ಅಮ್ಮನವರೇ ಎತ್ತಿದರು. ಹೆಸರು ಹೇಳಿದೆ. ಗುರುತು ಸಿಗಲಿಲ್ಲ.

"ಕಂದೀಲು ಹಿಡೀತಿದ್ದೆ ಅಮ್ಮ, ಸಂಜೆ ಕ್ಲಾಸಲ್ಲಿ," ಅಂದೆ.

"ಓ, ಆ ಹುಡ್ಗನಾ! ಅವ್ರು ಹೇಳೋರು. ಕೈ ಅಲ್ಲಾಡ್ಸದೆ ಹಿಡೀತಾನೆ ಅಂತ."

ನನಗೆ ಮಾತು ಹೊರಡಲಿಲ್ಲ. ಅವರೇ ಮುಂದುವರಿಸಿದರು. "ತಿಥಿಗೆ ತುಂಬ ಜನ ಬಂದಿದ್ರಪ್ಪ. ಊಟ ಮಾಡಿದ್ರು, ಕೈ ಮುಗಿದ್ರು, ಹೋದ್ರು. ಯಾರೂ ಏನೂ ಹೇಳ್ಲಿಲ್ಲ. ನಾನು ಒಂದಿನಾನೂ ಅವ್ರನ್ನ ಕ್ಲಾಸಲ್ಲಿ ನೋಡಿದೋಳಲ್ಲ. ಹೆಂಗ್ ಪಾಠ ಮಾಡೋರಪ್ಪ ಅವ್ರು?"

ನಾನು ಹೇಳೋಕೆ ಶುರು ಮಾಡಿದೆ. ಬೆಳ್ಳಗಿನ ಜೇಬಿನಿಂದ. ಮಗ ಗ್ಯಾರೇಜಿನಿಂದ ಬಂದು, ಬೆವರು ಒರೆಸಿಕೊಂಡು, ಪಕ್ಕದಲ್ಲೇ ಕೂತು ಕೇಳುತ್ತಿದ್ದ.